‘ಇಂಪ್ರೆವಿಸ್ತೊ’ ಎಂದು ಯಾವಾಗ ಹೇಳಬೇಕು?

ನನ್ನ ಬಳಿ ಸ್ಪ್ಯಾನಿಷ್ ಕಲಿಯಲು ಬರುವವರು ಕೆಲವೇ ತಿಂಗಳಲ್ಲಿ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ‘ಅನಿರೀಕ್ಷಿತ’ ಎನ್ನಲು ನಿಘಂಟಿನಲ್ಲಿ ‘ಇನೆಸ್ಪೆರಾದೊ’, ‘ಇಂಪ್ರೆವಿಸ್ತೊ’ ಎಂಬ ಎರಡು ಪದಗಳಿವೆಯಲ್ಲ, ಎರಡನೆಯದನ್ನು ಎಲ್ಲಿ ಬಳಸಬೇಕು?

ಮೊದಲೇ ಹಾಕಿಕೊಂಡ ಲೆಕ್ಕಾಚಾರವೊಂದಿದ್ದು, ಅದರಲ್ಲಿ ಸೇರಿರದ ಸಂಗತಿ ನಡುವೆ ಬಂದರೆ ಅಲ್ಲಿ ‘ಇಂಪ್ರೆವಿಸ್ತೊ’ ಎಂಬುದು ನನ್ನ ಉತ್ತರ. ‘ವೆರ್’ ಎಂದರೆ ನೋಡು, ‘ಪ್ರೆವೆರ್’ ಎಂದರೆ ಮುಂಚಿತವಾಗಿ ಕಾಣು. ಹಾಗೆ ಕಂಡದ್ದು ‘ಪ್ರೆವಿಸ್ತೊ’, ಕಾಣದೆ ಹೋದದ್ದು ‘ಇಂಪ್ರೆವಿಸ್ತೊ’. ‘ಎಸ್ಪೆರಾರ್’ ಕ್ರಿಯಾಪದಕ್ಕಾದರೋ ಕಾಯುವುದು, ಆಶಿಸುವುದು, ನಿರೀಕ್ಷಿಸುವುದು ಎಂಬ ಮೂರೂ ಅರ್ಥಗಳಿರುವುದರಿಂದ, ಹತ್ತು ವರ್ಷ ಕಾಣದ ಗೆಳೆಯ ಬಾಗಿಲಲ್ಲಿ ಬಂದು ನಿಂತರೆ ಅದು ‘ವಿಸಿತಾ ಇನೆಸ್ಪೆರಾದಾ’. ನಮ್ಮ ‘ನಿರೀಕ್ಷೆ’ಯೊಳಗೂ ನೋಡು ಎಂಬರ್ಥದ ‘ಈಕ್ಷ್’ ಧಾತುವೇ ಇದೆಯೆಂಬುದು ನಿಜ; ಆದರೆ ವ್ಯುತ್ಪತ್ತಿಯನ್ನೇ ನಂಬಿ ಹೊರಟವರು ಇಲ್ಲಿ ದಾರಿ ತಪ್ಪುತ್ತಾರೆ.

ನಾಮಪದವಾದಾಗ ಈ ಪದ ಇನ್ನೂ ಉಪಯುಕ್ತ. ಊಟಕ್ಕೆ ಬರುತ್ತೇನೆಂದು ಒಪ್ಪಿದ್ದ ಸ್ಪೇನಿನವರು ಕೊನೆಗಳಿಗೆಯಲ್ಲಿ ‘ಮೆ ಆ ಸುರ್ಹಿದೊ ಉನ್ ಇಂಪ್ರೆವಿಸ್ತೊ’ ಎಂದು ಸಂದೇಶ ಕಳಿಸಿದರೆ, ‘ನನಗೊಂದು ಅಡಚಣೆ ಬಂದೊದಗಿದೆ’ ಎಂದು ತಿಳಿಯಬೇಕು. ಅಡಚಣೆ ಏನೆಂದು ಅವರು ಬಿಡಿಸಿ ಹೇಳಬೇಕಾಗಿಲ್ಲ. ಪದದ ಸೌಜನ್ಯವೇ ಅದು. ಮೆಕ್ಸಿಕೊದಲ್ಲಿ ಇದೇ ಮಾತು ಸಾಮಾನ್ಯವಾಗಿ ‘ಮೆ ಸುರ್ಹಿಯೊ’ ಎಂದು ಶುರುವಾಗುತ್ತದೆ. ಎರಡರಲ್ಲೂ ‘ನಾನು’ ಕರ್ತೃವಲ್ಲ, ನಮ್ಮ ‘ನನಗೆ’ಯಂತೆ ಚತುರ್ಥಿಯ ‘ಮೆ’ ಇದೆ. ಕನ್ನಡದಲ್ಲಿ ಯೋಚಿಸುವವರಿಗೆ ಈ ವಾಕ್ಯರಚನೆ ಸಲೀಸು. ಬಜೆಟ್ಟಿನಲ್ಲಿ ‘ಗಾಸ್ತೊಸ್ ಇಂಪ್ರೆವಿಸ್ತೊಸ್’ ಎಂದರೆ ಮೊದಲೇ ಎಣಿಸಿರದ ಖರ್ಚುಗಳು. ‘ಸಾಲ್ವೊ ಇಂಪ್ರೆವಿಸ್ತೊಸ್’ ಎಂದರೆ ನಡುವೆ ಏನೂ ಅಡ್ಡ ಬಾರದಿದ್ದರೆ.

ಉಚ್ಚಾರಣೆಯಲ್ಲೂ ನಮಗೆ ಅನುಕೂಲವೇ ಹೆಚ್ಚು: ಎ, ಒ ಎರಡೂ ಹ್ರಸ್ವ, ಕೊನೆಯದು ‘ಸ್ಟೊ’ ಅಲ್ಲ, ‘ಸ್ತೊ’. ‘ವಿ’ ಮೇಲೆ ಒತ್ತು ಬೀಳಬೇಕು. ಸ್ಪ್ಯಾನಿಷ್‌ನಲ್ಲಿ ‘ಬ’ಕ್ಕೂ ‘ವ’ಕ್ಕೂ ಧ್ವನಿಭೇದವಿಲ್ಲದ ಕಾರಣ ಅದು ತುಟಿಗಳನ್ನು ಪೂರ್ತಿ ಮುಚ್ಚದೆ ನುಡಿದ ‘ಬಿ’ಯಂತೆ ಕೇಳುತ್ತದೆ.

ಕಳೆದ ವರ್ಷ ವಿದ್ಯಾರ್ಥಿಯೊಬ್ಬರು ಅಕ್ಕನ ಮದುವೆಗೆ ರಜೆ ಬೇಕೆಂದು, ಹೊಸದಾಗಿ ಕಲಿತ ಹುರುಪಿನಲ್ಲಿ, ‘ಇಂಪ್ರೆವಿಸ್ತೊ’ ಬಂದಿದೆಯೆಂದು ಬರೆದಿದ್ದರು. ಮುಹೂರ್ತ ನಿಶ್ಚಯವಾಗಿ ನಾಲ್ಕು ತಿಂಗಳಾಗಿತ್ತು, ಲಗ್ನಪತ್ರಿಕೆ ನನ್ನ ಮೇಜಿನ ಮೇಲೆಯೇ ಇತ್ತು. ರಜೆ ಕೊಟ್ಟೆ, ಪದದ ಮೊದಲಿನ ‘ಇಂ’ ಅನ್ನು ಮಾತ್ರ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ.