ಮೆಟ್ಟುಗಾಲು ಹಕ್ಕಿಯ ಗಂಡು-ಹೆಣ್ಣು ವಿಂಗಡಣೆ: ಈವರೆಗಿನ ಕೆಲಸ

ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ತೆಗೆದ ಮೆಟ್ಟುಗಾಲು ಹಕ್ಕಿಗಳ (ಉದ್ದ ಗುಲಾಬಿ ಕಾಲಿನ, ಕಪ್ಪು-ಬಿಳಿ ನೀರುಹಕ್ಕಿ, ಇಂಗ್ಲಿಷಿನಲ್ಲಿ Black-winged Stilt) ಫೋಟೊಗಳನ್ನು ಗಂಡು, ಹೆಣ್ಣು, ಎಳೆಯವು ಎಂದು ಬೇರೆ ಮಾಡುವ ಕೆಲಸ ಈಗ ಒಂದು ಹದಕ್ಕೆ ಬಂದಿದೆ. ತಲೆ, ಕತ್ತಿನ ಕಪ್ಪನ್ನು ಲೆಕ್ಕಕ್ಕೇ ತಗೊಳ್ಳುತ್ತಿಲ್ಲ. ನೆತ್ತಿ ಕಪ್ಪಿದ್ದರೆ ಗಂಡು ಅನ್ನುವ ಮಾತು ಕೆರೆ ಏರಿ ಮೇಲೆ ಆಗಾಗ ಕೇಳುತ್ತದೆ. ಆದರೆ ಪೂರ್ತಿ ಬಿಳಿ ತಲೆಯ ಗಂಡೂ ಇರುತ್ತದೆ, ಬೂದು ನೆತ್ತಿಯ ಹೆಣ್ಣೂ ಇರುತ್ತದೆ.

ನೋಡಬೇಕಾದ್ದು ಬೆನ್ನು. ಬೆಳೆದ ಗಂಡಿನ ಬೆನ್ನು, ರೆಕ್ಕೆ ಎರಡೂ ಒಂದೇ ಕಪ್ಪು, ಬಿಸಿಲು ಬಿದ್ದರೆ ಹಸಿರು ಮಿರುಗು. ಹೆಣ್ಣಿಗೆ ಬೆನ್ನು, ಹೆಗಲ ಗರಿಗಳು ಕಂದು, ರೆಕ್ಕೆ ಕಪ್ಪು. ಎಳೆಬಿಸಿಲಿನಲ್ಲಿ ಗಂಡೂ ಕಂದಾಗಿ ಕಾಣುವುದರಿಂದ ಪಕ್ಕದ ಹಕ್ಕಿಯ ಜೊತೆ ಹೋಲಿಸುವುದು ಬಿಟ್ಟು, ಅದೇ ಹಕ್ಕಿಯ ಬೆನ್ನನ್ನು ಅದರದ್ದೇ ರೆಕ್ಕೆಯ ಜೊತೆ ಹೋಲಿಸುತ್ತೇನೆ. ಹೆಗಲ ಗರಿ ಮುಗಿದು ರೆಕ್ಕೆ ಶುರುವಾಗುವ ಕಡೆ ಬಣ್ಣ ಬದಲಾದರೆ ಹೆಣ್ಣು. ಇದು ನನಗೆ ತುಂಬಾ ಖುಷಿ ಕೊಟ್ಟ ಗುರುತು.

ಎಳೆಯದರ ಬೆನ್ನೂ ಕಂದೇ, ಆದ್ದರಿಂದ ಮೊದಲು ವಯಸ್ಸು ತೀರ್ಮಾನವಾಗಬೇಕು. ಎಳೆಯದರ ಬೆನ್ನಗರಿಗಳಿಗೆ ಮಾಸಲು ಅಂಚು ಇರುತ್ತದೆ, ಅದು ಬೇಗ ಸವೆಯುತ್ತದೆ. ಕಾಲಿನ ಗುಲಾಬಿಯೂ ಮಂಕು. ಇವೆರಡಕ್ಕಿಂತ ಹೆಚ್ಚು ಕಾಲ ಉಳಿಯುವುದು ರೆಕ್ಕೆಯ ಹಿಂದಂಚಿನ ಬಿಳಿ ಗೆರೆ. ರೆಕ್ಕೆ ಬಿಚ್ಚಿದಾಗ ಮಾತ್ರ ಅದು ಚೆನ್ನಾಗಿ ಕಾಣುತ್ತದೆ. ಹಾಗಾಗಿ ಮಸುಕಾದ ಹಾರಾಟದ ಫೋಟೊಗಳನ್ನೂ ಈಗ ಅಳಿಸುವುದಿಲ್ಲ.

ಅಳತೆ ನೋಡಿ ಗಂಡು-ಹೆಣ್ಣು ಹೇಳುವುದು ಇಷ್ಟು ಸಲೀಸಲ್ಲ. ಹಕ್ಕಿ ಹಿಡಿದು ಕ್ಯಾಲಿಪರ್‌ನಲ್ಲಿ ಕೊಕ್ಕು, ಕಾಲು ಅಳೆಯುವುದು ಅನುಮತಿ ಪಡೆದು, ಅಧ್ಯಯನಕ್ಕಾಗಿ ಹಕ್ಕಿಯ ಕಾಲಿಗೆ ಗುರುತಿನ ಉಂಗುರ ತೊಡಿಸುವವರ ಕೆಲಸ. 1972ರ ವನ್ಯಜೀವಿ ಕಾಯ್ದೆ ಇರುವಾಗ ಹವ್ಯಾಸಕ್ಕೆ ಹಕ್ಕಿ ಹಿಡಿಯುವ ಮಾತೇ ಇಲ್ಲ. ಫೋಟೊದಲ್ಲಿ ಪಿಕ್ಸೆಲ್ ಎಣಿಸಬಹುದು, ಆದರೆ ಎರಡು ಹಕ್ಕಿಗಳೂ ಒಂದೇ ದೂರದಲ್ಲಿ ಅಡ್ಡಕ್ಕೆ ನಿಂತಿರಬೇಕು. ಗಂಡಿನ ಕಾಲು ಸರಾಸರಿಯಲ್ಲಿ ಉದ್ದ ನಿಜ, ಅರ್ಧ ಕಾಲು ನೀರಲ್ಲೇ ಇದ್ದರೆ ಅಳೆಯುವುದೇನನ್ನು? ಸಾಲದ್ದಕ್ಕೆ ಉದ್ದ ಕಾಲಿನ ಹೆಣ್ಣೂ ಗಿಡ್ಡ ಕಾಲಿನ ಗಂಡೂ ಒಂದೇ ಅಳತೆಗೆ ಬಂದುಬಿಡಬಹುದು.

ಗಾತ್ರ ನಿಜಕ್ಕೂ ಉಪಯೋಗಕ್ಕೆ ಬರುವುದು ಜಕಾನಗಳಲ್ಲಿ, ಅಂದರೆ ತೇಲುವ ಎಲೆಗಳ ಮೇಲೆ ನಡೆಯುವ ಉದ್ದ ಬೆರಳಿನ ನೀರುಹಕ್ಕಿಗಳಲ್ಲಿ. ತಾಮ್ರವರ್ಣದ ಜಕಾನದಲ್ಲಿ ಗಂಡು-ಹೆಣ್ಣಿನ ಬಣ್ಣ ಒಂದೇ, ಹೆಣ್ಣು ಎದ್ದು ಕಾಣುವಷ್ಟು ದೊಡ್ಡದು. ಮೊಟ್ಟೆಗೆ ಕಾವು ಕೊಡುವುದು, ಮರಿ ನೋಡಿಕೊಳ್ಳುವುದು ಗಂಡು. ಈ ಮಳೆಗಾಲ ಮರಿಗಳ ಜೊತೆಗಿರುವ ಗಂಡನ್ನು ಗುರುತಿಸಿಕೊಂಡು, ಅದೇ ಚೌಕಟ್ಟಿಗೆ ಹೆಣ್ಣು ಬಂದಾಗ ಅಳೆಯಬೇಕೆಂದಿದ್ದೇನೆ. ದೂರದಿಂದಲೇ, ಲೆನ್ಸ್ ಎಳೆದಷ್ಟು.