ವಾಸಿಯಾದ ಮೇಲೂ ಕಿಟ್ಟಲ್ಲಿ ಬರೋ ಗೆರೆ

ನಂಗೆ ಸಿಫಿಲಿಸ್ ಅನ್ನೋ ಲೈಂಗಿಕ ಕಾಯಿಲೆ ಬಂದಿತ್ತು, ವಾಸಿನೂ ಆಗಿದೆ. ಈ ಎರಡು ಮಾತನ್ನ ಜೊತೆಗೇ ಹೇಳೋದು ಎಷ್ಟು ಕಷ್ಟ ಅಂದ್ರೆ, ಮೊದಲನೇದು ಹೇಳ್ತಿದ್ದ ಹಾಗೇ ಎದುರಿಗಿರೋರ ಮುಖ ಬದಲಾಗುತ್ತೆ, ಎರಡನೇದು ಗಂಟಲಲ್ಲೇ ಉಳಿದುಬಿಡುತ್ತೆ. ಹೇಗೆ ಬಂತು, ಯಾರಿಂದ ಯಾರಿಗೆ ಬಂತು ಅನ್ನೋದನ್ನ ಇಲ್ಲಿ ಬರೆಯಲ್ಲ, ಅದು ನಾನೂ ನನ್ನ ಮನೆಯವರೂ ಕೂತು ಅತ್ತು ಮಾತಾಡಿ ಮುಗಿಸಿಕೊಂಡಿರೋ ವಿಷಯ. ನಾನು ಬರೀಬೇಕು ಅಂತಿರೋದು ಈ ಮಳೆಗಾಲದಲ್ಲಿ ಬಸುರಿ ಚೆಕಪ್ಪಿಗೆ ಹೋದಾಗ ಆಗಿದ್ದು.

2021ರಲ್ಲಿ ನಾವಿಬ್ರೂ ಮೈಸೂರಲ್ಲಿ ಕೆಲಸದಲ್ಲಿದ್ವಿ. ಅಂಗೈ ಅಂಗಾಲಲ್ಲಿ ಕಂದು ಕೆಂಪು ಕಲೆ ಎದ್ದವು, ತುರಿಕೆನೂ ಇಲ್ಲ ನೋವೂ ಇಲ್ಲ, ಸೋಪು ಆಗಿಬರ್ತಿಲ್ಲ ಅಂದ್ಕೊಂಡು ಸ್ಕಿನ್ ಡಾಕ್ಟ್ರ ಹತ್ರ ಹೋದ್ರೆ ಅವರು ಅಂಗೈ ತಿರುಗಿಸಿ ನೋಡಿದವರೇ ವಿಡಿಆರ್‌ಎಲ್ ಅನ್ನೋ ಸಿಫಿಲಿಸ್ ರಕ್ತಪರೀಕ್ಷೆ ಬರೆದುಕೊಟ್ರು. 1:32 ಅಂತ ಬಂತು, ಅಂದ್ರೆ ರಕ್ತದ ನೀರನ್ನ 32 ಪಟ್ಟು ತೆಳು ಮಾಡಿದ್ರೂ ಟೆಸ್ಟ್ ಪಾಸಿಟಿವ್. ಇಬ್ರಿಗೂ ಬೆಂಜಥೈನ್ ಪೆನಿಸಿಲಿನ್, ಒಟ್ಟು 24 ಲಕ್ಷ ಯೂನಿಟ್, ಆ ಕಡೆ 12 ಈ ಕಡೆ 12, ಗಟ್ಟಿ ಮದ್ದು, ಕೂರೋಕೂ ಆಗ್ತಿರಲಿಲ್ಲ. ರಾತ್ರಿ ಚಳಿ ಜ್ವರ ಬರಬಹುದು, ರೋಗಾಣು ಸಾಯುವಾಗ ಹಾಗಾಗುತ್ತೆ ಅಂತ ಮೊದಲೇ ಹೇಳಿದ್ರು, ಹಾಗೇ ಆಯ್ತು, ಬೆಳಿಗ್ಗೆ ಹೊತ್ತಿಗೆ ಇಳೀತು. ಆರು ತಿಂಗಳಿಗೆ 1:8, ವರ್ಷಕ್ಕೆ 1:2, ಆಮೇಲೆ ನಾನ್ ರಿಯಾಕ್ಟಿವ್, ಅಂದ್ರೆ ನೆಗೆಟಿವ್. ನಾಲ್ಕು ಪಟ್ಟು ಇಳಿದ್ರೇ ಮದ್ದು ಹಿಡಿದಿದೆ ಅಂತ ಲೆಕ್ಕ, ನಂದು ಅದಕ್ಕಿಂತ ಜಾಸ್ತಿನೇ ಇಳಿದಿತ್ತು. ಮನೆಯವರದ್ದೂ ಹಾಗೇ.

ಅಲ್ಲಿಗೆ ಮುಗೀಬೇಕಿತ್ತು. ಮಾವ ತೀರಿಕೊಂಡ ಮೇಲೆ ತೋಟ ನೋಡ್ಕೊಳ್ಳೋಕೆ ಅಂತ ಕೊಡಗಿನ ಶನಿವಾರಸಂತೆ ಕಡೆ ಊರಿಗೆ ಬಂದ್ವಿ, ಕಾಫಿ, ಮೆಣಸು, ಹಸು, ಕೆಲಸಕ್ಕೇನೂ ಕಮ್ಮಿ ಇಲ್ಲ, ಆದ್ರೂ ತಲೆ ಒಳಗೆ ಅದು ಮುಗೀಲಿಲ್ಲ. ಬಾಯಲ್ಲಿ ಒಂದು ಹುಣ್ಣಾದ್ರೆ ಟಾರ್ಚ್ ಹಾಕ್ಕೊಂಡು ಕನ್ನಡಿ ಮುಂದೆ ನಿಲ್ತಿದ್ದೆ. ಕಾಫಿ ಕುಯ್ಯೋ ಟೈಮಲ್ಲಿ ಎಲ್ಲರ ಕೈಯೂ ಕರೆ ಹಿಡಿದು ಸಿಪ್ಪೆ ಏಳುತ್ತೆ, ನಂಗೆ ಮಾತ್ರ ಅದು ಕರೆಯಾ ಕಲೆಯಾ ಅಂತ ಸಂಶಯ, ರಾತ್ರಿ ನಿಂಬೆಹಣ್ಣು ಹಾಕಿ ಉಜ್ಜಿ ಉಜ್ಜಿ ನೋಡೋದು. ಮಳೆಗಾಲದಲ್ಲಿ ಕೂದಲು ಉದುರಿದ್ರೂ ಅದೇ ನೆನಪು, ಯಾಕಂದ್ರೆ ಆ ರೋಗದಲ್ಲಿ ಕೂದಲು ತೇಪೆ ತೇಪೆಯಾಗಿ ಉದುರುತ್ತೆ ಅಂತ ಓದಿದ್ದೆ. ಕಕ್ಕಡ ತಿಂಗಳ ಹದಿನೆಂಟಕ್ಕೆ ಪಕ್ಕದ ಕೊಡವರ ಮನೆಯಿಂದ ಮದ್ದು ಸೊಪ್ಪಿನ ಪಾಯಸ ಬರುತ್ತೆ, ಆಗಸ್ಟ್ 3ಕ್ಕೆ, ಆ ಸೊಪ್ಪಲ್ಲಿ ಅವತ್ತು ಹದಿನೆಂಟು ಮದ್ದು ಸೇರಿರುತ್ತೆ ಅಂತಾರೆ, ತಿಂದ ಮೇಲೆ ಮೂತ್ರ ಕೆಂಪಗೆ ಹೋಗೋದು ಕೊಡಗಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ನಂಗೂ ಗೊತ್ತು. ಹಿಂದಿನ ವರ್ಷ ಬಚ್ಚಲಲ್ಲಿ ಅದನ್ನ ನೋಡಿ ಕೈಕಾಲು ನಡುಗಿ ಕೂತುಬಿಟ್ಟಿದ್ದೆ. ಗೊತ್ತಿರೋದು ಒಂದು ಕಡೆ, ಹೆದರಿಕೆ ಇನ್ನೊಂದು ಕಡೆ, ಎರಡಕ್ಕೂ ಸಂಬಂಧನೇ ಇಲ್ಲ ಅನ್ನೋ ಹಾಗೆ.

ಈ ವರ್ಷ ಗರ್ಭ ನಿಂತಿತು. ಖುಷಿ ಪಟ್ವಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಚೆಕಪ್ ಇರುತ್ತೆ, ಆಶಾ ಅಕ್ಕ ಕರ್ಕೊಂಡು ಹೋದ್ರು, ಅತ್ತೆನೂ ಬಂದ್ರು. ತಾಯಿ ಕಾರ್ಡ್ ಮಾಡಿಸಿ, ತೂಕ, ಬಿಪಿ, ಎಲ್ಲ ಆಗಿ ರಕ್ತ ಕೊಟ್ಟೆ. ಬೆರಳ ತುದಿಗೆ ಚುಚ್ಚಿ ಒಂದೇ ಕಿಟ್ಟಲ್ಲಿ ಎಚ್‌ಐವಿನೂ ಸಿಫಿಲಿಸೂ ನೋಡ್ತಾರೆ. ಎಚ್‌ಐವಿ ಜಾಗದಲ್ಲಿ ಏನೂ ಇಲ್ಲ, ಸಿಫಿಲಿಸ್ ಜಾಗದಲ್ಲಿ ಗೆರೆ ಬಂತು. ಲ್ಯಾಬಿನವರು ಏನೂ ಮಾತಾಡದೆ ಎದ್ದು ಹೋಗಿ ಸಿಸ್ಟರನ್ನ ಕರ್ಕೊಂಡು ಬಂದ್ರು, ಆ ಸಿಸ್ಟರ್ ಬಾಗಿಲು ಹಾಕದೇನೇ "ನಿಮ್ಮ ಯಜಮಾನ್ರು ಏನು ಕೆಲಸ ಮಾಡೋದು?" ಅಂದ್ರು. ಮೊದಲೇ ಏನಾದ್ರೂ ಟ್ರೀಟ್‌ಮೆಂಟ್ ಆಗಿತ್ತಾ ಅಂತ ಕೇಳಲಿಲ್ಲ. ಆ ಪ್ರಶ್ನೆ ಕೇಳಿದ್ರೆ ಅರ್ಧ ನಿಮಿಷದಲ್ಲಿ ಎಲ್ಲ ಹೇಳಿಬಿಡ್ತಿದ್ದೆ, ಇದಕ್ಕೆ ಹೇಗೆ ಉತ್ತರ ಕೊಡ್ಲಿ, ತೋಟ ಅಂದೆ ಅಷ್ಟೇ. ಮಡಿಕೇರಿಗೆ ಬರೆದುಕೊಟ್ರು. ಹೊರಗೆ ಬೆಂಚ್ ಮೇಲೆ ಛತ್ರಿ ಹಿಡ್ಕೊಂಡು ಕೂತಿದ್ದ ಅತ್ತೆಗೆ "ಇನ್ನೊಂದು ಟೆಸ್ಟ್ ಮಡಿಕೇರೀಲಿ ಮಾಡಿಸಬೇಕಂತೆ ಅತ್ತೆ" ಅಂದೆ, "ಆಯ್ತು ಮಗಾ, ಅವನ್ನ ಕರ್ಕೊಂಡು ಹೋಗು, ಒಬ್ಬಳೇ ಬಸ್ಸಲ್ಲಿ ಬೇಡ" ಅಂದ್ರು, ಬೇರೇನೂ ಕೇಳಲಿಲ್ಲ.

ಆ ರಾತ್ರಿ ನಿದ್ದೆ ಇಲ್ಲ. ಮದ್ದು ಮಾಡದೇ ಬಿಟ್ರೆ ಸಿಫಿಲಿಸ್ ಹೊಟ್ಟೇಲಿರೋ ಮಗುಗೆ ಹೋಗುತ್ತೆ, ಗರ್ಭ ಇಳಿಯಬಹುದು, ಮಗು ಹೊಟ್ಟೇಲೇ ತೀರಿಕೊಳ್ಳಬಹುದು, ಹುಟ್ಟಿದ್ರೂ ಮೂಳೆಗೆ ಕಣ್ಣಿಗೆ ಕಿವಿಗೆ ತೊಂದ್ರೆ ಆಗಬಹುದು, ಇದೆಲ್ಲ ನಂಗೆ ಬಾಯಿಪಾಠ. ನಂದು ಮದ್ದಾಗಿದೆ ಅನ್ನೋದೂ ಬಾಯಿಪಾಠನೇ, ಆದ್ರೆ ಆ ಗೆರೆ ಕಣ್ಣಾರೆ ನೋಡಿದ್ದೀನಲ್ಲ. ಮನೆಯವರು 1097ಗೆ ಫೋನ್ ಮಾಡಿ ಕೈಗೆ ಕೊಟ್ರು, ಅದು ಎಚ್‌ಐವಿ ಸಹಾಯವಾಣಿ ಆದ್ರೂ ಈ ಥರದ ಕಾಯಿಲೆ ಬಗ್ಗೆನೂ ಹೇಳ್ತಾರೆ, ದುಡ್ಡಿಲ್ಲ. ಆ ಕಡೆ ಇದ್ದ ಹೆಣ್ಣುಮಗಳು ಸಮಾಧಾನವಾಗಿ ಕೇಳಿಸ್ಕೊಂಡು "ಹಳೇ ರಿಪೋರ್ಟ್ ಇದ್ರೆ ಎಲ್ಲಾನೂ ತಗೊಂಡು ಹೋಗಿ" ಅಂದ್ರು. ಮಧ್ಯರಾತ್ರಿ ಬೀರು ತೆಗೆದು ಪಹಣಿ, ತೋಟದ ಲೋನ್ ಪತ್ರ ಎಲ್ಲದರ ಅಡಿಯಿಂದ ಆ ಮೈಸೂರಿನ ಕವರ್ ಹುಡುಕಿದ್ವಿ. ಇಂಜೆಕ್ಷನ್ ಕೊಟ್ಟ ಚೀಟಿ ಸಮೇತ ಇತ್ತು.

ಬೆಳಿಗ್ಗೆ ಸೋಮವಾರಪೇಟೆ ಮೇಲೆ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ದಾರೀಲಿ ಹೋದ್ವಿ, ವೈಪರ್ ಹಾಕಿದ್ರೂ ರಸ್ತೆ ಕಾಣದಂಥ ಮಳೆ. 2018ರ ಆಗಸ್ಟಲ್ಲಿ ಈ ದಾರಿ ಉದ್ದಕ್ಕೂ ಗುಡ್ಡ ಜಾರಿದ್ದು, ಆಗ ಕೆಂಪು ಮಣ್ಣು ಹಸಿ ಗಾಯದ ಹಾಗೆ ಕಾಣ್ತಿತ್ತು, ಈಗ ಎಷ್ಟೋ ಕಡೆ ಹಸಿರು ಬಂದು ಮುಚ್ಚಿಬಿಟ್ಟಿದೆ, ಆದ್ರೆ ಅಲ್ಲಿ ಮನೆ ಇರೋರನ್ನ ಕೇಳಿ, ಒಂದು ರಾತ್ರಿ ಜೋರು ಮಳೆ ಹಿಡಿದ್ರೆ ಇವತ್ತಿಗೂ ಮಲಗಲ್ಲ ಅವರು. ಅವರಿಗೆ ಯಾರೂ ಹುಚ್ಚು ಅನ್ನಲ್ಲ. ನಂಗೂ ಅಷ್ಟೇ ಆಗ್ತಿರೋದು ಅಂತ ಅವತ್ತು ಗಾಡೀಲಿ ಕೂತು ಮನೆಯವರಿಗೆ ಹೇಳಿದೆ, ಅವರು ಗೇರ್ ಮೇಲಿದ್ದ ಕೈ ತೆಗೆದು ನನ್ನ ಕೈ ಹಿಡ್ಕೊಂಡ್ರು.

ಮಡಿಕೇರೀಲಿ ಡಾಕ್ಟರ್ ಮೇಡಂ ಮೊದಲು ಬಾಗಿಲು ಹಾಕಿದ್ರು. ಆಮೇಲೆ ಕವರಲ್ಲಿದ್ದ ಒಂದೊಂದು ಹಾಳೆನೂ ತಾರೀಖು ನೋಡಿ ಸಾಲಾಗಿ ಜೋಡಿಸಿದ್ರು. ಆಮೇಲೆ ಅವರು ಹೇಳಿದ್ದನ್ನ ಯಾರಾದ್ರೂ ನಂಗೆ 2021ರಲ್ಲೇ ಹೇಳಬೇಕಿತ್ತು ಅಂತ ಇವತ್ತಿಗೂ ಅಂದ್ಕೋತೀನಿ. ಸಿಫಿಲಿಸಿಗೆ ಎರಡು ಥರ ಟೆಸ್ಟ್. ಕಿಟ್ಟೂ, ಲ್ಯಾಬಲ್ಲಿ ಮಾಡೋ ಟಿಪಿಎಚ್‌ಎ ಅನ್ನೋ ಟೆಸ್ಟೂ ಒಂದು ಜಾತಿ, ಅವು ಆ ರೋಗಾಣು ಮೇಲೆ ನಮ್ಮ ರಕ್ತ ಮಾಡ್ಕೊಂಡಿರೋ ಆಂಟಿಬಾಡಿನ ಹುಡುಕ್ತವೆ, ಒಂದ್ಸಲ ಬಂದು ಹೋದ್ರೆ ಹೆಚ್ಚಿನವರಲ್ಲಿ ಅದು ಜೀವಮಾನ ಪೂರ್ತಿ ಪಾಸಿಟಿವ್ವೇ, ರೋಗ ಸತ್ತು ಎಷ್ಟು ವರ್ಷ ಆದ್ರೂ ಗೆರೆ ಬರುತ್ತೆ. ವಿಡಿಆರ್‌ಎಲ್, ಆರ್‌ಪಿಆರ್ ಇನ್ನೊಂದು ಜಾತಿ, ರೋಗ ಇದ್ದಾಗ ಏರಿ ಮದ್ದಾದ ಮೇಲೆ ಇಳಿಯೋದು ಇದು. ಕೆಲವರಿಗೆ ಇದೂ ಪೂರ್ತಿ ಇಳಿಯದೆ 1:1, 1:2 ಅಂತ ನಿಂತುಬಿಡುತ್ತೆ, ಅದೂ ಗಾಬರಿ ಪಡೋ ವಿಷಯ ಅಲ್ವಂತೆ, ಮತ್ತೆ ನಾಲ್ಕು ಪಟ್ಟು ಏರಿದ್ರೆ ಮಾತ್ರ ಹೊಸದಾಗಿ ಅಂಟಿದೆಯಾ ಅಂತ ನೋಡಬೇಕಂತೆ. "ಈ ಕಿಟ್ ನಿಮಗೆ ಯಾವಾಗ ಮಾಡಿದ್ರೂ ಗೆರೆ ಬರಬಹುದಮ್ಮ, ಅದು ಕಿಟ್ಟಿನ ತಪ್ಪೂ ಅಲ್ಲ ನಿಮ್ಮದೂ ಅಲ್ಲ" ಅಂದ್ರು.

ಇಬ್ರದ್ದೂ ರಕ್ತ ತಗೊಂಡ್ರು. ಆರ್‌ಪಿಆರ್ ಮಾಡೋದು ಎಂಟು ನಿಮಿಷದ ಕೆಲಸ, ಬಿಳೀ ಕಾರ್ಡ್ ಮೇಲೆ ರಕ್ತದ ನೀರಿಗೆ ಟೆಸ್ಟ್ ದ್ರಾವಣದ ಒಂದು ಹನಿ ಹಾಕಿ ಮಷೀನಲ್ಲಿ ತಿರುಗಿಸ್ತಾರೆ, ಅದರಲ್ಲಿರೋ ಇದ್ದಿಲ ಪುಡಿ ಕಪ್ಪು ಕಪ್ಪಾಗಿ ಗಂಟು ಕಟ್ಟಿದ್ರೆ ರಿಯಾಕ್ಟಿವ್, ಕಟ್ಟದಿದ್ರೆ ಇಲ್ಲ. ಎಂಟು ನಿಮಿಷ ಅಂದ್ರೂ ಸಾಲಲ್ಲಿ ನಮ್ಮ ಸರದಿ ಬರೋ ಹೊತ್ತಿಗೆ ಮಧ್ಯಾಹ್ನ ಆಗಿತ್ತು. ಪಕ್ಕದಲ್ಲಿ ಯಾವುದೋ ತೋಟದ ಲೈನ್ ಮನೆಯಿಂದ ಬಂದಿದ್ದ ಅಸ್ಸಾಮಿನ ಹುಡುಗಿ ಕೂತಿದ್ಲು, ಅವಳೂ ಬಸುರಿ, ತಿಂಗಳು ತುಂಬ್ತಾ ಇತ್ತು, ಕನ್ನಡ ಬರಲ್ಲ, ಕೈಯಲ್ಲಿ ಒಂದು ಕಾಗದ ಇಲ್ಲ. ಇವಳಿಗೇನಾದ್ರೂ ಆ ಗೆರೆ ಬಂದ್ರೆ ಯಾರು ಯಾವ ಭಾಷೇಲಿ ಕೂರಿಸಿ ಹೇಳ್ತಾರೆ ಅಂತ ನಂಗೆ ಹೊಟ್ಟೆ ಉರೀತು. ಕಾಗದ ಇಲ್ಲದಿದ್ರೆ ಮತ್ತೆ ಇಂಜೆಕ್ಷನ್ ಕೊಡ್ತಾರೆ, ಪೆನಿಸಿಲಿನ್ ಬಸುರೀಲೂ ಕೊಡಬಹುದು, ಮಗು ಉಳಿಸೋ ಮದ್ದೂ ಅದೇ, ಆದ್ರೆ ಯಾಕೆ ಅಂತ ಹೇಳದೆ ಚುಚ್ಚಿದ್ರೆ ಅವಳು ಏನೇನು ಅಂದ್ಕೋಬಹುದು. ಟೆಸ್ಟ್ ಮಾಡೋದು ಬೇಡ ಅಂತ ನಾನು ಹೇಳ್ತಿಲ್ಲ, ಪ್ರತಿಯೊಬ್ಬ ಬಸುರಿಗೂ ಮಾಡ್ಲೇಬೇಕು. ಗೆರೆ ತೋರಿಸೋರು ಅದರ ಅರ್ಥಾನೂ ಹೇಳಬೇಕು ಅಷ್ಟೇ.

ನಾನ್ ರಿಯಾಕ್ಟಿವ್. ಇಬ್ರದ್ದೂ.

ಸಮಾಧಾನ ಆಗಬೇಕಿತ್ತು, ಆದ್ರೆ ನನ್ನ ಬಾಯಲ್ಲಿ ಮೊದಲು ಬಂದಿದ್ದು "ಮೇಡಂ, ಆದ್ರೂ ಒಂದು ಇಂಜೆಕ್ಷನ್ ಕೊಟ್ಟುಬಿಡಿ, ಮಗುಗೋಸ್ಕರ" ಅಂತ. ಅವರು ಬೈಯಲಿಲ್ಲ. "ಇಲ್ಲದ ಕಾಯಿಲೆಗೆ ಯಾಕಮ್ಮ ಚುಚ್ಚಿಸ್ಕೋತೀರ, ಏಳನೇ ತಿಂಗಳಲ್ಲಿ ಇನ್ನೊಂದ್ಸಲ ನೋಡೋಣ" ಅಂದ್ರು. 1943ರಲ್ಲಿ ಮೊದಲ ಸಲ ಪೆನಿಸಿಲಿನ್ ಈ ಕಾಯಿಲೆಗೆ ಕೊಟ್ಟಿದ್ದು, ಅಲ್ಲಿಂದ ಇಲ್ಲೀವರೆಗೂ ಆ ರೋಗಾಣು ಈ ಮದ್ದಿಗೆ ಒಗ್ಗಿಕೊಂಡಿಲ್ಲ, ಬೇರೆ ಎಷ್ಟೋ ಕಾಯಿಲೆಗಳಿಗೆ ಆ ಅದೃಷ್ಟ ಇಲ್ಲ ಅಂತಾನೂ ಹೇಳಿದ್ರು. ಅದು ನಂಗೆ ಎಲ್ಲದಕ್ಕಿಂತ ಹೆಚ್ಚು ಧೈರ್ಯ ಕೊಡ್ತು, ಯಾಕೋ ಗೊತ್ತಿಲ್ಲ.

ಹೆದರಿಕೆ ಹೋಗಿದೆ ಅಂತ ಬರೆದ್ರೆ ಸುಳ್ಳಾಗುತ್ತೆ. ಮೊನ್ನೆನೂ ಅಂಗೈ ನೋಡ್ಕೊಂಡೆ. ಆದ್ರೆ ಈಗ ಬೀರು ಕಡೆ ಓಡಿ ಹೋಗಿ ಕವರ್ ತೆಗೆಯಲ್ಲ, ಮನೆಯವರನ್ನ ಎಬ್ಬಿಸಲ್ಲ, ಕೈ ತೊಳ್ಕೊಂಡು ಕೊಟ್ಟಿಗೆಗೆ ಹೋಗ್ತೀನಿ. ಅವತ್ತು ಹೊರಡೋ ಮುಂಚೆ ಮೇಡಂ ಹತ್ರ ಒಂದು ಕೇಳಿಕೊಂಡೆ, ಹಳೇದು, ಪೂರ್ತಿ ಮದ್ದಾಗಿದೆ, ಆರ್‌ಪಿಆರ್ ನಾನ್ ರಿಯಾಕ್ಟಿವ್, ಗಂಡನದ್ದೂ ನೋಡಿದೆ ಅಂತ ಬರೆದು ಸೀಲ್ ಹಾಕಿ ಕೊಡಿ ಅಂತ. ಬರೆದುಕೊಟ್ರು. ಅದನ್ನ ತಾಯಿ ಕಾರ್ಡ್ ಒಳಗೆ ಪಿನ್ ಮಾಡಿಟ್ಟಿದ್ದೀನಿ. ಹೆರಿಗೆ ಹೊತ್ತಲ್ಲಿ ಡ್ಯೂಟೀಲಿ ಯಾರಿರ್ತಾರೋ, ಅವರು ಕೇಳೋಕೆ ಮುಂಚೆ ನಾನೇ ತೆಗೆದು ತೋರಿಸ್ತೀನಿ.