ಬ್ಯಾಂಕಾಕ್‌ನಲ್ಲಿ ನೀನು ಏನು ತಿಂತಿದ್ದೆ?

ಆಫೀಸಿನ ಕೆಲಸದ ಮೇಲೆ ಎರಡು ವರ್ಷ ಬ್ಯಾಂಕಾಕ್‌ನಲ್ಲಿದ್ದೆ. ವಾಪಸ್ ಬಂದು ಎಷ್ಟೋ ಕಾಲವಾಯಿತು. ಆದರೂ ಮದುವೆ ಮನೆಯಲ್ಲಿ, ನಾಮಕರಣದಲ್ಲಿ, ಕೊನೆಗೆ ಲಿಫ್ಟಿನಲ್ಲಿ ಸಿಕ್ಕವರು ಕೂಡ ಕೇಳುವುದು ಒಂದೇ: "ಅಲ್ಲಿ ಹಾವು, ಚೇಳು ಎಲ್ಲಾ ತಿಂತಾರಂತಲ್ಲ, ನೀನು ನೋಡಿದ್ರೆ ಮೊಟ್ಟೆನೂ ಮುಟ್ಟಲ್ಲ. ಏನು ತಿಂತಿದ್ದೆ?" ಟಿಕೆಟ್ ಬುಕ್ ಮಾಡಿ ಆದವರದು ಇನ್ನೊಂದು ಪ್ರಶ್ನೆ: "ಎಂಟಿಆರ್ ಪ್ಯಾಕೆಟ್ ಎಷ್ಟು ತಗೊಂಡು ಹೋಗಲಿ?"

ಚೇಳಿನ ವಿಷಯ ಮೊದಲು ಮುಗಿಸಿಬಿಡೋಣ. ಕಡ್ಡಿಗೆ ಚುಚ್ಚಿದ ಆ ಚೇಳು ಖಾವೊಸಾನ್ ರಸ್ತೆಯಲ್ಲಿ ನಮ್ಮಂಥ ಪ್ರವಾಸಿಗರಿಗೋಸ್ಕರ ಇಟ್ಟದ್ದು. ಬರೀ ಫೋಟೋ ತೆಗೆದರೂ ಕೆಲವರು ದುಡ್ಡು ಕೇಳುತ್ತಾರೆ. ನನ್ನ ಆಫೀಸಿನ ಥಾಯ್ ಜನ ಯಾರೂ ಅದನ್ನು ತಿಂದಿರಲಿಲ್ಲ.

ಇನ್ನು ನನ್ನ ಉತ್ತರ. ನಾನು ಬೀದಿಯಲ್ಲೇ ತಿನ್ನುತ್ತಿದ್ದೆ. ಆದರೆ ದೊಡ್ಡ ಬೀದಿಯಲ್ಲಲ್ಲ, ಸೋಯ್‌ನಲ್ಲಿ. ಬ್ಯಾಂಕಾಕ್‌ನಲ್ಲಿ ದೊಡ್ಡ ರಸ್ತೆಗೆ ಥನೋನ್ ಅಂತಾರೆ, ಅದರಿಂದ ಒಡೆಯುವ ಅಡ್ಡರಸ್ತೆಗೆ ಸೋಯ್, ಅದಕ್ಕಿಂತ ಇಕ್ಕಟ್ಟಾದ ಗಲ್ಲಿಗೆ ತ್ರೋಕ್. ಸೋಯ್‌ಗಳಿಗೆ ನಂಬರ್ ಇರುತ್ತದೆ, ಒಂದು ಬದಿಗೆ ಬೆಸ, ಇನ್ನೊಂದು ಬದಿಗೆ ಸಮ. ಎಷ್ಟೋ ಸೋಯ್‌ಗಳು ಹೋಗಿ ಯಾರದೋ ಕಾಂಪೌಂಡಿಗೋ ಕಾಲುವೆಗೋ ಮುಟ್ಟಿ ನಿಂತುಬಿಡುತ್ತವೆ. ಆಚೆ ದಾರಿ ಇಲ್ಲ, ಹಾಗಾಗಿ ವಾಹನಗಳ ಗಲಾಟೆಯೂ ಇಲ್ಲ. ದೊಡ್ಡ ರಸ್ತೆಯಲ್ಲಿ ಕಿವಿ ಕಿತ್ತುಹೋಗುವಷ್ಟು ಗದ್ದಲ ಇರುತ್ತದೆ. ಐವತ್ತು ಹೆಜ್ಜೆ ಒಳಗೆ ಬಂದರೆ ಯಾರದೋ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳಿಸುತ್ತದೆ.

ಗಲ್ಲಿಗೆ ಹೋಗುತ್ತಿದ್ದದ್ದು ನಿಶ್ಶಬ್ದದ ಆಸೆಗಲ್ಲ. ನನ್ನ ಮಾತು ಕೇಳಿಸಿಕೊಳ್ಳುವ ಪುರುಸೊತ್ತು ಯಾರಿಗಾದರೂ ಇರಬೇಕಿತ್ತು. ಅದು ಗೊತ್ತಾಗಿದ್ದು ಎರಡನೇ ದಿನ. ಚೈನಾಟೌನಿನ ಯಾವರಾತ್ ರಸ್ತೆಯಲ್ಲಿ ಸಂಜೆ ಏಳಕ್ಕೆ ಜನವೋ ಜನ. ಒಂದು ಗಾಡಿಯವನಿಗೆ, ಫೋನ್ ನೋಡಿಕೊಂಡು ಕಲಿತ ಥಾಯ್‌ನಲ್ಲಿ, "ನುವಾ ಬೇಡ" ಅಂದೆ. ನುವಾ ಅಂದರೆ ಮಾಂಸ ಅಂದುಕೊಂಡಿದ್ದೆ. ಅವನು ತಲೆಯಾಡಿಸಿ ಪ್ಲೇಟು ಕೊಟ್ಟ. ನೂಡಲ್ಸ್ ಕೆಳಗೆ ಕೋಳಿ! ನುವಾ ಅಂದರೆ ಜನಬಳಕೆಯಲ್ಲಿ ದನದ ಮಾಂಸವಂತೆ. ಅವನ ತಪ್ಪೇನಿಲ್ಲ, ನಾನು ಬೇಡ ಅಂದದ್ದನ್ನು ಅವನು ಹಾಕಿರಲಿಲ್ಲ ತಾನೇ? ಹಿಂದೆ ಹದಿನೈದು ಜನ ಕಾಯುತ್ತಿದ್ದರು. ದುಡ್ಡು ಕೊಟ್ಟು ಬಂದೆ. ಆ ರಾತ್ರಿ ಊಟ ಹಲಸಿನ ತೊಳೆ.

ನಿಜವಾದ ಕಷ್ಟ ಕೋಳಿಯೂ ಅಲ್ಲ, ನಾಮ್ ಪ್ಲಾ. ಅದು ಮೀನಿನ ಸಾಸು. ಅವರಿಗೆ ಅದು ಉಪ್ಪು ಇದ್ದ ಹಾಗೆ, ಮೀನು ಅಂತ ಲೆಕ್ಕಕ್ಕೇ ಬರುವುದಿಲ್ಲ. ಪಪ್ಪಾಯ ಕಾಯಿ ತುರಿದು ಕುಟ್ಟುವ ಸೋಮ್ ತಾಮ್ ನೋಡಿದರೆ ನಮ್ಮ ಕೋಸಂಬರಿಯ ಅಕ್ಕನ ಹಾಗಿದೆ. ಆದರೆ ಒರಳಿಗೆ ಬೀಳುವುದು ನಾಮ್ ಪ್ಲಾ, ಜೊತೆಗೆ ಒಣ ಸೀಗಡಿ. "ಮೈ ಸೈ ನಾಮ್ ಪ್ಲಾ", ಅಂದರೆ ಮೀನಿನ ಸಾಸು ಹಾಕಬೇಡಿ. ಇದನ್ನು ಬಾಯಿಪಾಠ ಮಾಡಿ. ಮೊಟ್ಟೆ ಬೇಡದವರು "ಮೈ ಸೈ ಖೈ" ಸೇರಿಸಿಕೊಳ್ಳಿ.

ಸಸ್ಯಾಹಾರಿ ಅನ್ನುವುದಕ್ಕೆ ಅವರ ಪದ ಕೇಳಿ: ಮಂಗ್‌ಸವಿರತ್. ಎರಡು ಸಲ ಹೇಳಿ ನೋಡಿ. ಮಾಂಸವಿರತಿ! ಊಟಕ್ಕೆ ಆಹಾನ್, ನಗರಕ್ಕೆ ನಕೋನ್. ವಿಮಾನ ಇಳಿಯುವ ಜಾಗವೇ ಸುವರ್ಣಭೂಮಿ. ಆದರೆ ಮಂಗ್‌ಸವಿರತ್ ಅಂದರೆ ಮೊಟ್ಟೆ ಬರಬಹುದು. ಏನೂ ಬೇಡ ಅನ್ನುವವರಿಗೆ ಬೇಕಾದ ಪದ ಜೇ. ಹಳದಿ ಬಾವುಟದ ಮೇಲೆ ಕೆಂಪಿನಲ್ಲಿ ಬರೆದಿರುತ್ತಾರೆ. ಥಾಯ್ ಓದಲು ಬಾರದ ನಮಗೆ ಅದು 17 ಅಂತ ಬರೆದ ಹಾಗೆ ಕಾಣುತ್ತದೆ. ಅದನ್ನೇ ಹುಡುಕಿಕೊಂಡು ಹೋದರೆ ಸಾಕು. ಇದು ಚೀನೀ ಬೌದ್ಧರ ವ್ರತದ ಅಡುಗೆ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಠದ ಪಂಕ್ತಿಯಲ್ಲಿ ಮಜ್ಜಿಗೆ ತೆಗೆದು ತೋಫು ಬಡಿಸಿದ ಹಾಗೆ ಅಂದುಕೊಳ್ಳಿ. ತಟ್ಟೆ ಅನ್ನಕ್ಕೆ ಎರಡು ಪಲ್ಯ, ನಾನಿದ್ದಾಗ ಐವತ್ತು ಬಾತ್ (ಅವರ ದುಡ್ಡು) ಆಸುಪಾಸು.

ಇಲ್ಲೊಂದು ಗುಂಡಿ ಇದೆ. ಏಡಿ ಆಮ್ಲೆಟ್‌ಗೆ ಹೆಸರಾದ, ಕಣ್ಣಿಗೆ ದೊಡ್ಡ ಕನ್ನಡಕ ಹಾಕಿಕೊಂಡು ಬೆಂಕಿ ಮುಂದೆ ನಿಲ್ಲುವ ಅಡುಗೆಯ ಹೆಂಗಸು ಜೇ ಫೈ ಇದ್ದಾರಲ್ಲ, 2017ರ ಕೊನೆಗೆ ಒಳ್ಳೇ ಹೋಟೆಲುಗಳಿಗೆ ಕೊಡುವ ಮಿಶಲಿನ್ ಸ್ಟಾರ್ ಪಡೆದವರು? ಆ ಜೇ ಬೇರೆ, ಅದಕ್ಕೆ ಅಕ್ಕ ಅಂತ ಅರ್ಥ. ಹೆಸರು ನೋಡಿ ಸಸ್ಯಾಹಾರ ಅಂದುಕೊಂಡು ಅಲ್ಲಿ ಕ್ಯೂ ನಿಂತೀರಿ!

ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ಊರಿಗೆ ಊರೇ ಜೇ ತಿನ್ನುತ್ತದೆ, ಹಳದಿ ಬಾವುಟ ಎಲ್ಲೆಲ್ಲೂ. ಅಧಿಕಮಾಸದ ಎಡವಟ್ಟು ಇಲ್ಲದಿದ್ದರೆ ಅದು ನಮ್ಮ ನವರಾತ್ರಿಯ ಹೊತ್ತಿಗೇ ಬೀಳುತ್ತದೆ. 2024ರಲ್ಲಿ ಎರಡೂ ಅಕ್ಟೋಬರ್ 3ಕ್ಕೇ ಶುರುವಾದವು. ಸೀಲೋಮ್ ರಸ್ತೆಯಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿ ಇದೆ, ವಿಜಯದಶಮಿಗೆ ಅಲ್ಲಿ ಮೆರವಣಿಗೆ. ರಜೆ ನಿಮ್ಮ ಕೈಯಲ್ಲಿದ್ದರೆ ಆಗಲೇ ಹೋಗಿ.

ಬೀದಿಯಲ್ಲಿ ತಿನ್ನಲು ಹೊತ್ತು ಯಾವುದು ಅಂದರೆ, ಬೆಳಿಗ್ಗೆ ಆರೂವರೆಯಿಂದ ಒಂಬತ್ತು. ಬೇಗ ಹೋದರೆ ಬರಿಗಾಲಲ್ಲಿ ಭಿಕ್ಷೆಗೆ ಹೊರಟ ಭಿಕ್ಷುಗಳೂ ಸಿಗುತ್ತಾರೆ. ಗಾಡಿಯವರು ಸಾರು, ಪಲ್ಯವನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಗಾಳಿ ತುಂಬಿ, ರಬ್ಬರ್ ಬ್ಯಾಂಡನ್ನು ಟಪ್ ಟಪ್ ಅಂತ ಸುತ್ತುತ್ತಾರೆ. ಸೋಯಾ ಹಾಲಿನ ಜೊತೆ ಪಾತೊಂಗ್‌ಕೊ ಅನ್ನುವ ಕರಿದ ಹಿಟ್ಟು, ಕೆಂಡದ ಮೇಲೆ ಸುಟ್ಟ ಬಾಳೆಹಣ್ಣು, ಬಾಳೆಎಲೆಯಲ್ಲಿ ಕಟ್ಟಿ ಬೇಯಿಸಿದ ಅಂಟಕ್ಕಿ. ಸೋಮವಾರ ಮಾತ್ರ ಎಷ್ಟೋ ಗಾಡಿಗಳಿಗೆ ರಜೆ.

ನಡೆದಾಡಲು ನನ್ನ ಓಟು ತಲಾತ್ ನೋಯ್‌ಗೆ. ಯಾವರಾತ್‌ನಿಂದ ಹೊಳೆಯ ಕಡೆಗೆ ಸ್ವಲ್ಪ ನಡೆದರೆ ಸಿಗುತ್ತದೆ. ಹಳೇ ಎಂಜಿನ್, ಗೇರ್‌ಬಾಕ್ಸ್ ಗುಡ್ಡೆ ಹಾಕಿದ ಗಲ್ಲಿಗಳು. ನೆಲವೆಲ್ಲ ಗ್ರೀಸಿನ ಕಪ್ಪು, ಅದರ ಮೇಲೆ ಬೆಕ್ಕು ಮಲಗಿರುತ್ತದೆ. ನಮ್ಮ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನು ಒಂದು ಆಳು ಅಗಲದ ಗಲ್ಲಿಗೆ ತುರುಕಿದ ಹಾಗೆ. ಮಧ್ಯದಲ್ಲಿ ಸೋ ಹೆಂಗ್ ತಾಯ್ ಅನ್ನುವ ಹಳೇ ಚೀನೀ ಮನೆ, ನಮ್ಮ ತೊಟ್ಟಿಮನೆಯದೇ ರೂಪ. ತೊಟ್ಟಿ ಇರಬೇಕಾದ ಕಡೆ ನೀಲಿ ನೀರಿನ ಕೊಳ ಕಟ್ಟಿ ಸ್ಕೂಬಾ ಡೈವಿಂಗ್ ಕಲಿಸುತ್ತಾರೆ! ನಾನು ಹೋದ ದಿನ, ಮರದ ಕಂಬಗಳ ನಡುವೆ ರಬ್ಬರ್ ಸೂಟ್ ಒಣಗುತ್ತಿತ್ತು.

ಆದರೆ ನನ್ನ ದಿನನಿತ್ಯದ ಊಟ ಅಂದರೆ ಮನೆ ಹಿಂದಿನ ಸೋಯ್. ಅಲ್ಲೊಬ್ಬ ಹೆಂಗಸು ಖನೊಮ್ ಕ್ರೋಕ್ ಮಾಡುತ್ತಿದ್ದರು. ಅಪ್ಪಟ ಪಡ್ಡಿನ ಕಾವಲಿ, ಕಪ್ಪು ಕಬ್ಬಿಣದ್ದು, ಗುಳಿಗಳು ಮಾತ್ರ ಜಾಸ್ತಿ. ಮೊದಲು ಅಕ್ಕಿಹಿಟ್ಟಿನ ನೀರು ಸುರಿಯುತ್ತಾರೆ. ಅಂಚು ಗಟ್ಟಿಯಾಗುತ್ತಿದ್ದಂತೆ ಮೇಲೆ ಸಿಹಿ ಹಾಕಿದ ಗಟ್ಟಿ ತೆಂಗಿನಹಾಲು, ಜೋಳದ ನಾಲ್ಕು ಕಾಳು ಅಥವಾ ಈರುಳ್ಳಿ ಸೊಪ್ಪು, ಆಮೇಲೆ ಮುಚ್ಚಳ. ತಳ ಗರಿಗರಿ, ಮೇಲೆ ಇನ್ನೂ ಅಲುಗಾಡುವ ಕೆನೆ. ಚಮಚದಲ್ಲಿ ಎಬ್ಬಿಸಿ ಎರಡನ್ನು ಮುಖಕ್ಕೆ ಮುಖ ಸೇರಿಸಿ ಕೊಡುತ್ತಾರೆ. ಆತುರಪಟ್ಟರೆ ನಾಲಿಗೆ ಸುಟ್ಟಿತು ಅಂತಲೇ ಲೆಕ್ಕ. ಒಂದು ವಾರಕ್ಕೆ ಅವರಿಗೆ ನನ್ನ ಬೇಕುಬೇಡ ಎಲ್ಲ ಗೊತ್ತಾಯಿತು. ಪಕ್ಕದ ಗಾಡಿಯಲ್ಲಿ ನಾನು ಏನಾದರೂ ಕೇಳಿದರೆ ಇವರೇ ಕೂಗಿ ಹೇಳುತ್ತಿದ್ದರು: "ನಾಮ್ ಪ್ಲಾ ಬೇಡ ಅವಳಿಗೆ!"

ಅಮ್ಮ ಒಂದು ತಿಂಗಳು ಬಂದಿದ್ದಳು. ದಾವಣಗೆರೆಯವಳು, ಪಡ್ಡು ಮಾಡಿ ಮಾಡಿ ಕೈ ಪಳಗಿದವಳು. ಜೇ ಅಂಗಡಿಯಲ್ಲಿ ಗೋಧಿ ಅಂಟಿನಿಂದ ಮಾಡಿದ ಬಾತುಕೋಳಿ, ಚರ್ಮದ ಗೆರೆ ಸಮೇತ ನಿಜದಂತೇ ಇರುವುದನ್ನು ನೋಡಿ, ತಟ್ಟೆ ದೂಡಿ ಎದ್ದುಬಿಟ್ಟಳು. ಖನೊಮ್ ಕ್ರೋಕ್ ಮುಂದೆ ಮಾತ್ರ ಬಗ್ಗಿ ನಿಂತಳು. ಮುಚ್ಚಳ ತೆಗೆದರು, ಇನ್ನೇನು ತಿರುವಿ ಹಾಕುತ್ತಾರೆ ಅಂತ ಕಾದಳು. ಅವರು ಹಾಗೇ ಎಬ್ಬಿಸಿ ಡಬ್ಬಿಗೆ ಹಾಕಿದರು. "ತಿರುವಿ ಹಾಕಲ್ವಾ?" ಅಂತ ಕನ್ನಡದಲ್ಲೇ ಕೇಳಿ, ಅಂಗೈ ಮಗುಚಿ ತೋರಿಸಿದಳು. ಅವರು ನಕ್ಕು ಚಮಚ ಅವಳ ಕೈಗೇ ಕೊಟ್ಟರು. ಅಮ್ಮ ಒಂದನ್ನು ಮಗುಚಿದಳು. ಕೆನೆಯೆಲ್ಲ ಚೊಯ್ ಅಂತ ಹರಿದು ಕಾವಲಿಗೆ ಹತ್ತಿತು.

ಇವತ್ತಿಗೂ ಯಾರಾದರೂ ಬ್ಯಾಂಕಾಕ್ ಅಂದರೆ ಅಮ್ಮನ ಉತ್ತರ ನನಗಿಂತ ಮೊದಲೇ ಬರುತ್ತದೆ: "ಊಟಕ್ಕೇನೂ ತೊಂದ್ರೆ ಇಲ್ಲ. ಪಡ್ಡು ಒಂದು ಕಡೆ ಬೇಯಿಸಲ್ಲ, ಅಷ್ಟೇ."